ಹಳೆಯ ಕನ್ನಡ ಜಾಲತಾಣವನ್ನು ಹೊಸ ಸರ್ವರ್‌ಗೆ ಸಾಗಿಸಿದ ಕ್ರಮ

ಹತ್ತು ಹದಿನೈದು ವರ್ಷದಿಂದ ನಡೆಯುತ್ತಿರುವ ಕನ್ನಡ ಜಾಲತಾಣವೊಂದನ್ನು ಹಲವು ತಾಣಗಳು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಿಂದ ಸ್ವಂತ ವಿಪಿಎಸ್‌ಗೆ, ಅಂದರೆ ಬಾಡಿಗೆಯ ವರ್ಚುವಲ್ ಸರ್ವರ್‌ಗೆ, ಸಾಗಿಸುವಾಗ ಸರ್ವರ್ ಕಟ್ಟುವುದು ಸುಲಭದ ಪಾಲು. ಪುಟಗಳನ್ನು ಬಡಿಸುವ ಎನ್‌ಜಿಂಕ್ಸ್, ತಾಣದ ಪ್ರೋಗ್ರಾಂ ಓಡಿಸುವ ಪಿಎಚ್‌ಪಿ, ಬರಹಗಳನ್ನು ಇಡುವ ಡೇಟಾಬೇಸ್ ಮೂರನ್ನೂ ಒಂದು ಮಧ್ಯಾಹ್ನದಲ್ಲಿ ನಿಲ್ಲಿಸಬಹುದು. ಬೆವರು ಸುರಿಯುವುದು ಡೇಟಾಬೇಸ್‌ನ ಒಳಗಿರುವ ಕನ್ನಡವನ್ನು ಕೆಡದಂತೆ ಆಚೆ ತರುವಲ್ಲಿ. ಇಂಗ್ಲಿಷ್ ತಾಣಗಳಿಗಾಗಿ ಬರೆದ ಮಾರ್ಗದರ್ಶಿಗಳು ಈ ಭಾಗವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ, ಏಕೆಂದರೆ ಇಂಗ್ಲಿಷ್ ಅಕ್ಷರಗಳು ಸಾಮಾನ್ಯವಾಗಿ ಯಾವ ಎನ್‌ಕೋಡಿಂಗ್‌ನಲ್ಲೂ (ಅಕ್ಷರವನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮ) ಕೆಡುವುದಿಲ್ಲ. ಆದ್ದರಿಂದ ಇಲ್ಲಿ ಆ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ. ನಾವು ನಡೆದ ಕ್ರಮದಲ್ಲೇ ಹೇಳುತ್ತೇವೆ. ಯಾವ ಹಂತದಲ್ಲಿ ಯಾವ ದಾಖಲೆ, ಯಾವ ಪರೀಕ್ಷಾ ಸಾಧನ ಕೆಲಸಕ್ಕೆ ಬಂತು ಎಂಬುದೂ ಜೊತೆಗೇ ಬರುತ್ತದೆ.

ಮೊದಲಿಗೆ ಆಪರೇಟಿಂಗ್ ಸಿಸ್ಟಮ್. ಡೆಬಿಯನ್ 12 ಅಥವಾ ಉಬುಂಟು 24.04, ಎರಡರಲ್ಲಿ ಯಾವುದಾದರೂ ಸರಿ. ಆಯ್ಕೆಗೆ ಮುನ್ನ ನೋಡಬೇಕಾದದ್ದು ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ ಸಿಗುತ್ತದೆ ಎಂಬುದನ್ನು. ಎಂಡ್ ಆಫ್ ಲೈಫ್ ಎಂಬ ತಾಣದಲ್ಲಿ ಲಿನಕ್ಸ್ ವಿತರಣೆಗಳು, ಪಿಎಚ್‌ಪಿ, ಮೈಎಸ್‌ಕ್ಯೂಎಲ್, ನೋಡ್ ಎಲ್ಲದರ ಅವಧಿ ಒಂದೇ ಕಡೆ ಇದೆ. ಡೆಬಿಯನ್ 12ರಲ್ಲಿ ಪಿಎಚ್‌ಪಿ 8.2 ಬರುತ್ತದೆ, ಉಬುಂಟು 24.04ರಲ್ಲಿ 8.3. ಹಳೆಯ ತಾಣ ಪಿಎಚ್‌ಪಿ 5.6ರ ಮೇಲೆ ಓಡುತ್ತಿದ್ದರೆ ಸರ್ವರ್ ಬದಲಾವಣೆ ಮತ್ತು ಪಿಎಚ್‌ಪಿ ಬದಲಾವಣೆ ಎರಡನ್ನೂ ಒಂದೇ ದಿನ ಮಾಡಬೇಡಿ. ಏನಾದರೂ ಮುರಿದರೆ ಯಾವುದರಿಂದ ಮುರಿಯಿತೆಂದು ತಿಳಿಯುವುದಿಲ್ಲ.

ಹೊಸ ಯಂತ್ರ ಕೈಗೆ ಬಂದ ಕೂಡಲೇ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಅನ್ನು ಭದ್ರಪಡಿಸಬೇಕು. ಇಡಿ25519 ಕೀಲಿ ಮಾಡಿಕೊಂಡು, ರೂಟ್ ಅಲ್ಲದ ಬಳಕೆದಾರನಿಗೆ ಅದನ್ನು ಹಾಕಿ, ಪಾಸ್‌ವರ್ಡ್ ಲಾಗಿನ್ ಮುಚ್ಚುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಆದರೆ ಮುಖ್ಯ ಕಾನ್ಫಿಗ್ ಕಡತದಲ್ಲಿ ಪಾಸ್‌ವರ್ಡ್ ಆಥೆಂಟಿಕೇಷನ್‌ಗೆ 'ನೋ' ಎಂದು ಬರೆದ ಮೇಲೂ ಪಾಸ್‌ವರ್ಡ್ ಕೇಳುತ್ತಲೇ ಇರಬಹುದು. ಕಾರಣ ಹೀಗಿದೆ: ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಂ ಎಸ್‌ಎಸ್‌ಎಚ್‌ಡಿ ಒಂದು ಆಯ್ಕೆಗೆ ಮೊದಲು ಕಂಡ ಬೆಲೆಯನ್ನೇ ಹಿಡಿದುಕೊಳ್ಳುತ್ತದೆ. ಕಡತದ ತಲೆಯಲ್ಲೇ ಇರುವ ಇನ್‌ಕ್ಲೂಡ್ ಸಾಲು ಪಕ್ಕದ ಡೈರೆಕ್ಟರಿಯ ತುಣುಕು ಕಡತಗಳನ್ನು ಮೊದಲು ಓದಿಸುತ್ತದೆ. ಕ್ಲೌಡ್ ಇಮೇಜ್‌ಗಳಲ್ಲಿ ಯಂತ್ರವನ್ನು ಮೊದಲ ಸಲ ಸಜ್ಜುಗೊಳಿಸುವ ಕ್ಲೌಡ್ ಇನಿಟ್ ಅಲ್ಲಿ 50ರಿಂದ ಶುರುವಾಗುವ ಒಂದು ಕಡತ ಇಟ್ಟು 'ಯೆಸ್' ಎಂದು ಬರೆದಿರಬಹುದು. ನಿಮ್ಮದೇ ಕಡತವನ್ನು 10ರಿಂದ ಶುರುವಾಗುವ ಹೆಸರಿನಲ್ಲಿ ಅಲ್ಲೇ ಇಟ್ಟರೆ ಸರಿಹೋಗುತ್ತದೆ. ಎಸ್‌ಎಸ್‌ಎಚ್‌ಡಿಗೆ ದೊಡ್ಡ ಅಕ್ಷರದ ಟಿ ಆಯ್ಕೆ ಕೊಟ್ಟು ಓಡಿಸಿದರೆ ಅಂತಿಮವಾಗಿ ಜಾರಿಯಲ್ಲಿರುವ ಸೆಟ್ಟಿಂಗ್ ಪೂರ್ತಿ ಕಾಣುತ್ತದೆ. ಕಡತವನ್ನು ನಂಬುವ ಬದಲು ಆ ಪಟ್ಟಿಯನ್ನು ನಂಬಿ. ಇನ್ನೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ನೋಡುವವರೆಗೆ ಹಳೆಯ ಸೆಷನ್ ಮುಚ್ಚಬಾರದು.

ಫೈರ್‌ವಾಲ್‌ಗೆ ಯುಎಫ್‌ಡಬ್ಲ್ಯು ಸಾಕು. ಎಸ್‌ಎಸ್‌ಎಚ್, 80, 443 ಈ ಮೂರು ಪೋರ್ಟ್ ತೆರೆದು, ಆಮೇಲೆ ಅದನ್ನು ಎನೇಬಲ್ ಮಾಡಬೇಕು. ಕ್ರಮ ತಿರುಗುಮುರುಗಾದರೆ ನೀವೇ ಹೊರಗೆ. ಡಾಕರ್ ಬಳಸುವವರಿಗೆ ಒಂದು ಎಚ್ಚರಿಕೆ: ಕಂಟೇನರ್‌ನ ಪೋರ್ಟನ್ನು ಪಬ್ಲಿಷ್ ಮಾಡಿದಾಗ ಡಾಕರ್ ಕರ್ನಲ್‌ನ ಫೈರ್‌ವಾಲ್ ನಿಯಮಗಳ ಪಟ್ಟಿಯಾದ ಐಪಿಟೇಬಲ್ಸ್‌ನಲ್ಲಿ ತನ್ನದೇ ನಿಯಮ ಬರೆಯುತ್ತದೆ, ಅದು ಯುಎಫ್‌ಡಬ್ಲ್ಯು ನಿಯಮಗಳಿಗೆ ಸಿಗದೆ ದಾಟಿಹೋಗುತ್ತದೆ. ಡೇಟಾಬೇಸ್ ಪೋರ್ಟ್ 3306 ಹೀಗೆ ಇಡೀ ಲೋಕಕ್ಕೆ ತೆರೆದುಕೊಂಡಿರುವ ಸರ್ವರ್‌ಗಳು ಕಡಿಮೆಯೇನಿಲ್ಲ. ಪಬ್ಲಿಷ್ ಮಾಡುವಾಗ 127.0.0.1ಕ್ಕೆ ಕಟ್ಟಿಹಾಕಿ. ಬಳಿಕ ಬೇರೆ ಯಂತ್ರದಿಂದ, ತೆರೆದ ಪೋರ್ಟ್‌ಗಳನ್ನು ತೋರಿಸುವ ಎನ್‌ಮ್ಯಾಪ್ ಹಾಕಿ ನೋಡಿ. ಸರ್ವರ್‌ನ ಒಳಗೇ ಕೂತು ನೋಡಿದರೆ ಹೊರಗಿನವರಿಗೆ ಕಾಣುವುದು ನಿಮಗೆ ಕಾಣದು.

ಇನ್ನು ಅಕ್ಷರಗಳಿಗೆ ಬರೋಣ.

ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಕೇತ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ವಿಭಾಗ, ಹದಿನಾರರ ಎಣಿಕೆಯಲ್ಲಿ (ಹೆಕ್ಸ್), 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಆ ಸಂಖ್ಯೆಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8ರಲ್ಲಿ ಇಲ್ಲಿನ ಪ್ರತಿಯೊಂದು ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ. ಮೊದಲ ಬೈಟ್ ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. 'ಕ' ಎಂದರೆ ಇ0 ಬಿ2 95. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಹಳೆಯ 'ಯುಟಿಎಫ್8' ಮೂರು ಬೈಟ್‌ವರೆಗೆ ಮಾತ್ರ ತಡೆದುಕೊಳ್ಳುತ್ತದೆ, ಹಾಗಾಗಿ ಕನ್ನಡ ಅದರಲ್ಲಿ ಸುರಕ್ಷಿತವಾಗಿಯೇ ಕೂತಿರುತ್ತದೆ. ಕೆಡುವುದು ಯಾರೋ ಬರಹದ ನಡುವೆ ಎಮೋಜಿ ಹಾಕಿದಾಗ. ಎಮೋಜಿಗೆ ನಾಲ್ಕು ಬೈಟ್ ಬೇಕು. ತಪ್ಪು ದತ್ತಾಂಶವನ್ನು ತಡೆಯುವ ಸ್ಟ್ರಿಕ್ಟ್ ಮೋಡ್ ಇಲ್ಲದ ಹಳೆಯ ಸರ್ವರ್‌ಗಳಲ್ಲಿ ಎಮೋಜಿಯಿಂದ ಮುಂದಿನ ಬರಹವೆಲ್ಲ ಸದ್ದಿಲ್ಲದೆ ಕತ್ತರಿಸಿಹೋಗುತ್ತದೆ. ಆದ್ದರಿಂದ ಹೊಸ ಸರ್ವರ್‌ನಲ್ಲಿ ನಾಲ್ಕು ಬೈಟ್ ಹಿಡಿಯುವ ಯುಟಿಎಫ್8ಎಂಬಿ4 ಬಿಟ್ಟು ಬೇರೇನೂ ಬೇಡ. ಮೈಎಸ್‌ಕ್ಯೂಎಲ್ 8.0ರಿಂದ ಅದೇ ಡೀಫಾಲ್ಟ್, ವರ್ಡ್‌ಪ್ರೆಸ್ 2015ರ 4.2 ಆವೃತ್ತಿಯಿಂದ ಅದನ್ನೇ ಬಳಸುತ್ತಿದೆ.

ದೊಡ್ಡ ತೊಂದರೆ ಇದಕ್ಕಿಂತ ಹಳೆಯದು. ಬಹಳಷ್ಟು ತಾಣಗಳ ಟೇಬಲ್‌ಗಳು ಲ್ಯಾಟಿನ್1 (ಯುರೋಪಿಯನ್ ಅಕ್ಷರಗಳ ಒಂದು-ಬೈಟ್ ಎನ್‌ಕೋಡಿಂಗ್) ಎಂಬ ಹಣೆಪಟ್ಟಿ ಹೊತ್ತಿರುತ್ತವೆ, ಒಳಗಿರುವುದು ಯುಟಿಎಫ್-8 ಕನ್ನಡ. ಬರೆಯುವ ಸಂಪರ್ಕವೂ ಓದುವ ಸಂಪರ್ಕವೂ ಲ್ಯಾಟಿನ್1 ಆಗಿರುವುದರಿಂದ ಬೈಟ್‌ಗಳು ಹೋದ ಹಾಗೇ ಬರುತ್ತವೆ, ತಾಣ ವರ್ಷಗಟ್ಟಲೆ ಚೆನ್ನಾಗಿ ಕಾಣುತ್ತದೆ. ಸಾಗಿಸುವ ದಿನ ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು ಕಡತ) ತೆಗೆದಾಗ ಮೈಎಸ್‌ಕ್ಯೂಎಲ್ ಹಣೆಪಟ್ಟಿಯನ್ನು ನಂಬಿ ಪ್ರತಿ ಬೈಟನ್ನೂ ಒಂದೊಂದು ಯುರೋಪಿಯನ್ ಅಕ್ಷರವೆಂದು ತಿಳಿದು ಮತ್ತೊಮ್ಮೆ ಯುಟಿಎಫ್-8ಕ್ಕೆ ಬದಲಿಸುತ್ತದೆ. ಆಗ ಪುಟದ ತುಂಬ ತಲೆಯ ಮೇಲೆ ಗೀಟು ಹೊತ್ತ ಸಣ್ಣ ಇಂಗ್ಲಿಷ್ 'ಎ', ಅದರ ಪಕ್ಕ ಮೇಲಕ್ಕೆ ಏರಿದ ಪುಟ್ಟ 2 ಅಥವಾ 3, ಇದೇ ಸಾಲುಸಾಲು. ಕನ್ನಡ ಹೀಗೆ ಕೆಟ್ಟದ್ದನ್ನು ದೂರದಿಂದಲೇ ಗುರುತಿಸಬಹುದು.

ಪರದೆಯನ್ನು ನೋಡಿ ತೀರ್ಮಾನಿಸಬೇಡಿ, ಟರ್ಮಿನಲ್‌ಗೂ ತನ್ನದೇ ಎನ್‌ಕೋಡಿಂಗ್ ಇರುತ್ತದೆ. ಡೇಟಾಬೇಸ್‌ನಲ್ಲಿ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಂಬ ಫಂಕ್ಷನ್ ಇದೆ. 'ಕ'ದಿಂದ ಶುರುವಾಗುವ ಒಂದು ಶೀರ್ಷಿಕೆಯನ್ನು ಅದರ ಮೂಲಕ ನೋಡಿ. ಇ0 ಬಿ2 95 ಎಂದು ಬಂದು ಕಾಲಂ ಯುಟಿಎಫ್8 ಆಗಿದ್ದರೆ ಎಲ್ಲ ಸರಿ. ಅದೇ ಬೈಟ್‌ಗಳು ಬಂದು ಕಾಲಂ ಲ್ಯಾಟಿನ್1 ಆಗಿದ್ದರೆ ಬೈಟ್ ಸರಿ, ಹಣೆಪಟ್ಟಿ ತಪ್ಪು. ಸಿ3 ಎ0 ಸಿ2 ಬಿ2 ಇ2 80 ಎ2 ಎಂದು ಉದ್ದಕ್ಕೆ ಬಂದರೆ ಎರಡು ಸಲ ಎನ್‌ಕೋಡ್ ಆಗಿದೆ. 3ಎಫ್ 3ಎಫ್ 3ಎಫ್ ಎಂದು ಬಂದರೆ ಅವು ನಿಜವಾದ ಪ್ರಶ್ನಾರ್ಥಕ ಚಿಹ್ನೆಗಳು, ಮೂಲ ಅಕ್ಷರ ಅಲ್ಲಿ ಇಲ್ಲವೇ ಇಲ್ಲ, ಹಳೆಯ ಬ್ಯಾಕಪ್ ಹುಡುಕುವುದೊಂದೇ ದಾರಿ. ಈ ನಾಲ್ಕರಲ್ಲಿ ನಿಮ್ಮದು ಯಾವುದೆಂದು ತಿಳಿಯದೆ ಟೇಬಲ್ ಬದಲಿಸುವ ಒಂದು ಆಲ್ಟರ್ ಆಜ್ಞೆಯನ್ನೂ ಓಡಿಸಬಾರದು. ಒಂದೇ ಟೇಬಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಸಾಲುಗಳಿರುವುದು ಅಪರೂಪವಲ್ಲ. ತಾಣದ ಸಾಫ್ಟ್‌ವೇರ್ ಮಧ್ಯದಲ್ಲಿ ಒಮ್ಮೆ ಬದಲಾಗಿದ್ದರೆ ಆ ದಿನದಿಂದ ಬರಹಗಳ ಬಗೆಯೂ ಬದಲಾಗಿರುತ್ತದೆ.

ಬೈಟ್ ಸರಿಯಿದ್ದು ಹಣೆಪಟ್ಟಿ ಮಾತ್ರ ತಪ್ಪಿದ್ದರೆ, ಕಾಲಮನ್ನು ಮೊದಲು ಬೈನರಿ ಬಗೆಗೆ ಬದಲಿಸಿ, ಅಲ್ಲಿಂದ ಯುಟಿಎಫ್8ಎಂಬಿ4ಗೆ ತರಬೇಕು. ಟೆಕ್ಸ್ಟ್ ಇದ್ದರೆ ಬ್ಲಾಬ್, ಲಾಂಗ್‌ಟೆಕ್ಸ್ಟ್ ಇದ್ದರೆ ಲಾಂಗ್‌ಬ್ಲಾಬ್, ವಾರ್‌ಚಾರ್ ಇದ್ದರೆ ಅಷ್ಟೇ ಉದ್ದದ ವಾರ್‌ಬೈನರಿ. ಬೈನರಿಗೆ ಹೋದಾಗ ಹಣೆಪಟ್ಟಿ ಕಳಚಿಬೀಳುತ್ತದೆ, ಬೈಟ್‌ಗಳು ಅಲುಗುವುದಿಲ್ಲ. ನೇರವಾಗಿ ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್ ಆಜ್ಞೆ ಕೊಟ್ಟರೆ ಅಲ್ಲೇ ಎರಡನೇ ಎನ್‌ಕೋಡಿಂಗ್ ಆಗಿಬಿಡುತ್ತದೆ. ಆ ಕಾಲಂ ಮೇಲೆ ಫುಲ್‌ಟೆಕ್ಸ್ಟ್ ಇಂಡೆಕ್ಸ್ ಇದ್ದರೆ ಮೊದಲೇ ತೆಗೆದುಹಾಕಿ, ಬೈನರಿ ಕಾಲಂಗೆ ಅದು ಹೊಂದುವುದಿಲ್ಲ. ಎರಡನೇ ಹೆಜ್ಜೆಯಲ್ಲಿ 1366 ಎಂಬ ದೋಷ ಬಂದರೆ ಸಾಮಾನ್ಯವಾಗಿ ಕಾರಣ ಉದ್ದದ ಶೀರ್ಷಿಕೆಗಳು. ಲ್ಯಾಟಿನ್1ರ ವಾರ್‌ಚಾರ್ 255 ಎಂದರೆ 255 ಬೈಟ್, ಅಂದರೆ 85 ಕನ್ನಡ ಸಂಕೇತ. ಅದಕ್ಕಿಂತ ಉದ್ದದ ಶೀರ್ಷಿಕೆಯನ್ನು ಹಳೆಯ ಸರ್ವರ್ ಬೈಟ್ ಲೆಕ್ಕದಲ್ಲಿ ಕತ್ತರಿಸಿ, ನಡುವೆ ಒಂದು ಖಾಲಿ ಜಾಗ ಬಂದಿದ್ದರೆ ಅಕ್ಷರದ ಮಧ್ಯದಲ್ಲೇ ತುಂಡರಿಸಿರುತ್ತದೆ. ತುದಿಯ ಅರೆಬೈಟ್‌ಗಳನ್ನು ತೆಗೆದು ಮತ್ತೆ ಓಡಿಸಿದರೆ ಆಜ್ಞೆ ಮುಂದುವರಿಯುತ್ತದೆ.

ಎರಡು ಸಲ ಎನ್‌ಕೋಡ್ ಆಗಿದ್ದರೆ ಹಿಮ್ಮುಖವಾಗಿ ನಡೆಯಬೇಕು: ಬರಹವನ್ನು ಲ್ಯಾಟಿನ್1ಕ್ಕೆ ಕನ್ವರ್ಟ್ ಮಾಡಿ, ಬಂದದ್ದನ್ನು ಬೈನರಿಯಾಗಿ ಕಾಸ್ಟ್ ಮಾಡಿ, ಅದನ್ನು ಯುಟಿಎಫ್8ಎಂಬಿ4 ಎಂದು ಓದಿಸಿ. ಇದನ್ನು ಇಡೀ ಟೇಬಲ್‌ಗೆ ಹಾಕಿದರೆ ಅನಾಹುತ. ಸರಿಯಾಗಿರುವ ಕನ್ನಡ ಸಾಲಿಗೆ ಲ್ಯಾಟಿನ್1ರಲ್ಲಿ ಸ್ಥಾನವಿಲ್ಲ, ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಹೆಕ್ಸ್‌ನಲ್ಲಿ ಸಿ3ಎ0ಸಿ2ಬಿ ಎಂಬ ಸರಣಿ ಇರುವ ಸಾಲುಗಳಿಗೆ ಮಾತ್ರ ಅಪ್‌ಡೇಟ್ ಓಡಿಸಬೇಕು. ಆ ಸರಣಿಯ ಜೊತೆಗೆ ಸರಿಯಾದ ಕನ್ನಡವೂ ಬೆರೆತಿರುವ ಸಾಲುಗಳನ್ನು ಪ್ರತ್ಯೇಕಿಸಿ ಕೈಯಿಂದಲೇ ತಿದ್ದಬೇಕು.

ಈ ಕೆಲಸವನ್ನು ಡೇಟಾಬೇಸ್‌ನ ಒಳಗೇ ಮಾಡಿ ಎಂದು ಒತ್ತಿ ಹೇಳುವುದಕ್ಕೆ ಕನ್ನಡಕ್ಕೇ ಸೇರಿದ ಒಂದು ಕಾರಣ ಇದೆ. ಡಂಪ್ ಕಡತವನ್ನು ಹೊರಗೆ ತೆಗೆದು ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಅಥವಾ ಪೈಥಾನ್‌ನಲ್ಲಿ, ಲ್ಯಾಟಿನ್1ಕ್ಕೆ ಹತ್ತಿರದ ವಿಂಡೋಸ್-1252 ಮೂಲಕ ಹಿಂದಿರುಗಿಸಲು ಹೊರಟರೆ ಕೆಲವೇ ಅಕ್ಷರಗಳು ಸಿಕ್ಕಿಬೀಳುತ್ತವೆ. ವಿಂಡೋಸ್-1252ರಲ್ಲಿ 81, 8ಡಿ, 8ಎಫ್, 90, 9ಡಿ ಈ ಐದು ಸ್ಥಾನಗಳು ಖಾಲಿ. ಕನ್ನಡದಲ್ಲಿ ಕೊಂಬಿನ ಮೂರನೇ ಬೈಟ್ 81. ವಿರಾಮದ, ಅಂದರೆ ಒತ್ತಕ್ಷರ ಕಟ್ಟುವ ಅರ್ಧ ಚಿಹ್ನೆಯ ಮೂರನೇ ಬೈಟ್ 8ಡಿ. ಏ ಎಂಬುದಕ್ಕೆ 8ಎಫ್, ಐ ಎಂಬುದಕ್ಕೆ 90, ಝ ಎಂಬುದಕ್ಕೆ 9ಡಿ. ಏ, ಐ, ಝ ಕಡಿಮೆ ಬರುತ್ತವೆ ಎನ್ನೋಣ, ಆದರೆ ಕೊಂಬು ಮತ್ತು ವಿರಾಮ ಇಲ್ಲದೆ ಒಂದು ಸಾಲೂ ಕನ್ನಡವಾಗಿ ನಿಲ್ಲುವುದಿಲ್ಲ. ದೋಷವನ್ನು ಕಡೆಗಣಿಸುವ ಆಯ್ಕೆ ಕೊಟ್ಟು ಓಡಿಸಿದರೆ ಒತ್ತಕ್ಷರಗಳೆಲ್ಲ ಒಡೆದು 'ಅಕ್ಕ' ಎಂಬಲ್ಲಿ ಎರಡು ಬಿಡಿ 'ಕ' ಅಥವಾ ಅರ್ಥವಿಲ್ಲದ ಬೈಟ್‌ಗಳು ಉಳಿಯುತ್ತವೆ. ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ಈ ಐದು ಖಾಲಿ ಸ್ಥಾನಗಳನ್ನೂ ನಿಯಂತ್ರಣ ಸಂಕೇತಗಳಾಗಿ ಹಿಡಿದಿಟ್ಟುಕೊಳ್ಳುವುದರಿಂದ ಹೋದ ದಾರಿಯಲ್ಲೇ ವಾಪಸ್ ಬರಬಹುದು. ಹೊರಗೇ ಮಾಡಬೇಕಾಗಿ ಬಂದರೆ ಪೈಥಾನ್‌ನ ಎಫ್‌ಟಿಎಫ್‌ವೈ ಲೈಬ್ರರಿ ಬಳಸಿ. ಅದರಲ್ಲಿ 'ಸ್ಲಾಪಿ ವಿಂಡೋಸ್ 1252' ಎಂಬ ಕೋಡೆಕ್ ಇದೆ, ಈ ಐದು ಸ್ಥಾನಗಳನ್ನು ಕಾಪಾಡಲೆಂದೇ ಮಾಡಿದ್ದು.

ಕೆಟ್ಟ ಬರಹವನ್ನು ಎಡಿಟರ್‌ನಲ್ಲಿ ತೆರೆದು ನಕಲಿಸಿ ಅಂಟಿಸುವುದೂ ಅಪಾಯ. 'ಠ'ದ ಕೊನೆಯ ಬೈಟ್ ಎ0, ಕೆಟ್ಟ ರೂಪದಲ್ಲಿ ಅದು ಒಡೆಯದ ಖಾಲಿ ಜಾಗ. 'ಭ'ದ ಕೊನೆಯ ಬೈಟ್ ಎಡಿ, ಅದು ಕಣ್ಣಿಗೆ ಕಾಣದ ಸಾಫ್ಟ್ ಹೈಫನ್. ಎಡಿಟರ್ ಒಂದನ್ನು ಸಾಮಾನ್ಯ ಸ್ಪೇಸ್ ಮಾಡಬಹುದು, ಇನ್ನೊಂದನ್ನು ಉದುರಿಸಬಹುದು. ಆಮೇಲೆ 'ಪಾಠ', 'ಭಾಷೆ' ಮರಳಿ ಸಿಗುತ್ತವೆಂಬ ಖಾತ್ರಿಯಿಲ್ಲ.

ಡಂಪ್ ತೆಗೆಯುವಾಗ ಸಿಂಗಲ್ ಟ್ರಾನ್ಸಾಕ್ಷನ್, ರೂಟೀನ್ಸ್, ಟ್ರಿಗರ್ಸ್, ಹೆಕ್ಸ್ ಬ್ಲಾಬ್ ಆಯ್ಕೆಗಳನ್ನು ಕೊಟ್ಟು, ಕ್ಯಾರೆಕ್ಟರ್ ಸೆಟ್ ಯಾವುದೆಂದು ಬಾಯಿಬಿಟ್ಟು ಹೇಳಬೇಕು. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಬಾಣದ ಗುರುತಿನಿಂದ ಕಡತಕ್ಕೆ ತಿರುಗಿಸಿದರೆ ಅದು ಯುಟಿಎಫ್-16 ಆಗಿ ಕೂರಬಹುದು. ರಿಸಲ್ಟ್ ಫೈಲ್ ಆಯ್ಕೆ ಬಳಸಿದರೆ ಆ ಗೋಜಿಲ್ಲ. ಮೈಎಸ್‌ಕ್ಯೂಎಲ್ 8ರಿಂದ ಡೆಬಿಯನ್ 12ರ ಮರಿಯಾಡಿಬಿ 10.11ಕ್ಕೆ (ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಡೇಟಾಬೇಸ್) ತರುವವರಿಗೆ 1273 ಎಂಬ ದೋಷ ಎದುರಾಗುತ್ತದೆ. 0900 ಎಂಬ ಅಂಕೆ ಇರುವ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಅಲ್ಲಿ ಇಲ್ಲ, ಡಂಪ್‌ನಲ್ಲಿ ಆ ಹೆಸರನ್ನು ಯುಟಿಎಫ್8ಎಂಬಿ4 ಯೂನಿಕೋಡ್ 520 ಎಂಬುದಕ್ಕೆ ಬದಲಿಸಿಕೊಳ್ಳಿ. ತಿರುಗಿ ಮರಿಯಾಡಿಬಿಯಿಂದ ಮೈಎಸ್‌ಕ್ಯೂಎಲ್‌ಗೆ ಹೋಗುವಾಗ, 2024ರ ನಡುವಿನಿಂದೀಚೆಗಿನ ಆವೃತ್ತಿಗಳ ಡಂಪ್‌ನಲ್ಲಿ ಮೊದಲ ಸಾಲೇ 'ಸ್ಯಾಂಡ್‌ಬಾಕ್ಸ್ ಮೋಡ್' ಎಂದಿರುತ್ತದೆ, ಹಳೆಯ ಕ್ಲೈಂಟ್‌ಗಳು ಅದಕ್ಕೇ ಎಡವುತ್ತವೆ. ಆ ಒಂದು ಸಾಲು ಅಳಿಸಿದರೆ ಮುಗಿಯಿತು. ಡೊಮೇನ್ ಹೆಸರೂ ಬದಲಾಗುತ್ತಿದ್ದರೆ ಡಂಪ್ ಕಡತದಲ್ಲಿ ಹುಡುಕಿ ಬದಲಿಸಲು ಹೋಗಬೇಡಿ. ವರ್ಡ್‌ಪ್ರೆಸ್‌ನ ಸೀರಿಯಲೈಸ್ ಮಾಡಿದ, ಅಂದರೆ ಒಂದೇ ಸಾಲಾಗಿ ಕಟ್ಟಿಟ್ಟ, ದತ್ತಾಂಶದಲ್ಲಿ ಪ್ರತಿ ತುಣುಕಿನ ಉದ್ದ ಬೈಟ್ ಲೆಕ್ಕದಲ್ಲಿ ಬರೆದಿರುತ್ತದೆ, ಒಂದು ಬೈಟ್ ವ್ಯತ್ಯಾಸವಾದರೂ ಇಡೀ ಸೆಟ್ಟಿಂಗ್ ಕಳೆದುಹೋಗುತ್ತದೆ. ವರ್ಡ್‌ಪ್ರೆಸ್‌ನ ಟರ್ಮಿನಲ್ ಸಾಧನ ಡಬ್ಲ್ಯುಪಿ-ಸಿಎಲ್‌ಐನ ಸರ್ಚ್ ರಿಪ್ಲೇಸ್ ಆ ಉದ್ದಗಳನ್ನು ತಾನೇ ತಿದ್ದುತ್ತದೆ.

ಯೂನಿಕೋಡ್‌ಗಿಂತ ಹಿಂದಿನ ಪುಟಗಳು, 'ನುಡಿ' ಅಥವಾ 'ಬರಹ' ತಂತ್ರಾಂಶದ ಆಸ್ಕಿ ಫಾಂಟ್‌ನಲ್ಲಿ ಇದ್ದರೆ ಅದು ಬೇರೆಯದೇ ಕೆಲಸ. ಅಲ್ಲಿ ಅಕ್ಷರದ ಆಕಾರಕ್ಕೆ ಸಂಕೇತವಿದೆ, ಉಚ್ಚಾರಣೆಯ ಕ್ರಮಕ್ಕಿಲ್ಲ. 'ಧರ್ಮ' ಎಂಬಲ್ಲಿ ಅರ್ಕಾವತ್ತು 'ಮ'ದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸುತ್ತದೆಯೇ ಎಂದು ಮೊದಲು ಇಂಥದೊಂದು ಪದದಿಂದ ಪರೀಕ್ಷಿಸಿ. ಪುಟದ ನಡುವಿನ ಇಂಗ್ಲಿಷ್ ಪದ, ಕೊಂಡಿ, ಎಚ್‌ಟಿಎಂಎಲ್ ಟ್ಯಾಗ್‌ಗಳೂ ಕನ್ನಡವಾಗಿ ಕೆಟ್ಟುಹೋಗದಂತೆ, ಫಾಂಟ್ ಟ್ಯಾಗ್‌ನ ಒಳಗಿನ ಬರಹವನ್ನು ಮಾತ್ರ ಪರಿವರ್ತಕಕ್ಕೆ ಕೊಡಬೇಕು.

ಬರಹ ಸರಿಯಾದ ಮೇಲೂ ಹುಡುಕಾಟ ಕೈಕೊಡಬಹುದು. 'ರಾಜ್‌ಕುಮಾರ್' ಎಂದು ಬರೆಯುವಾಗ 'ಜ್' ಮತ್ತು 'ಕು' ಅಂಟದಿರಲು ನಡುವೆ ಕಾಣದ ಒಂದು ಸಂಕೇತ ಇರುತ್ತದೆ, ಜೀರೋ ವಿಡ್ತ್ ನಾನ್ ಜಾಯ್ನರ್, 200ಸಿ. 'ರ‍್ಯಾಂಕ್' ಎಂಬುದರಲ್ಲಿ ಜಾಯ್ನರ್, 200ಡಿ. ಇವುಗಳಿದ್ದ ಪದಕ್ಕೂ ಇಲ್ಲದ ಪದಕ್ಕೂ ಬೈಟ್ ಲೆಕ್ಕದಲ್ಲಿ ಹೋಲಿಸಿದರೆ ತಾಳೆಯಾಗುವುದಿಲ್ಲ. ಬರಹದಿಂದ ಇವನ್ನು ತೆಗೆಯುವುದು ತಪ್ಪು, ಓದುಗನಿಗೆ ಪದದ ಆಕಾರವೇ ಕೆಡುತ್ತದೆ. ಹುಡುಕಲು ಪ್ರತ್ಯೇಕ ಕಾಲಂ ಇಟ್ಟು ಅದರಲ್ಲಿ ಮಾತ್ರ ತೆಗೆಯಬೇಕು. ಹಾಗೆಯೇ 'ಕೊ'ದ ಒತ್ವವನ್ನು ಒಂದೇ ಸಂಕೇತವಾಗಿಯೂ ಎರಡು ಬಿಡಿ ಸಂಕೇತಗಳಾಗಿಯೂ ಬರೆಯಬಹುದು, 'ಕೀ', 'ಕೇ', 'ಕೈ', 'ಕೋ'ಗಳದ್ದೂ ಅದೇ ಕಥೆ. ಎಲ್ಲವನ್ನೂ ಬಿಡಿ ಸಂಕೇತಗಳನ್ನು ಕೂಡಿಸಿಡುವ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತಂದುಕೊಂಡರೆ ಈ ಭೇದ ಅಳಿಯುತ್ತದೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಟ್ಟುಕೊಳ್ಳುತ್ತಿತ್ತು, ಅಲ್ಲಿಂದ ಬಂದ ಕನ್ನಡ ಹೆಸರಿನ ಚಿತ್ರಗಳು ಲಿನಕ್ಸ್‌ನಲ್ಲಿ 404 (ಕಡತ ಸಿಗಲಿಲ್ಲ) ಕೊಡುವುದು ಇದರಿಂದಲೇ. ಕಡತ ಸಾಗಿಸುವ ಆರ್‌ಸಿಂಕ್‌ಗೆ ಐಕಾನ್ವ್ ಆಯ್ಕೆ ಕೊಟ್ಟು ನಕಲಿಸಬಹುದು. ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ 255 ಬೈಟ್ ಮಿತಿ, ಕನ್ನಡಕ್ಕೆ ಅದು 85 ಸಂಕೇತ ಎಂಬುದೂ ನೆನಪಿರಲಿ. ಒಂದು ಪದದಲ್ಲಿ ನಿಜಕ್ಕೂ ಯಾವ ಸಂಕೇತಗಳಿವೆ ಎಂದು ನೋಡಲು ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿಯ ಇಂಟರ್‌ನ್ಯಾಷನಲೈಸೇಷನ್ ಪುಟಗಳು ಮತ್ತು ಯೂನಿಕೋಡ್ ಒಕ್ಕೂಟದ ಕನ್ನಡ ಕೋಷ್ಟಕ ಪಕ್ಕದಲ್ಲಿ ತೆರೆದಿರಲಿ.

ಎನ್‌ಜಿಂಕ್ಸ್‌ಗೆ ಬಂದಾಗ ಮೊದಲು ಮಾಡಬೇಕಾದದ್ದು ಹಳೆಯ ತಾಣದ ಎಚ್‌ಟಿ ಆಕ್ಸೆಸ್ ಕಡತಗಳನ್ನೆಲ್ಲ ಹುಡುಕಿ ಓದುವುದು. ಅವು ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್‌ನ ಭಾಷೆ, ಎನ್‌ಜಿಂಕ್ಸ್ ಅವನ್ನು ತಿರುಗಿಯೂ ನೋಡುವುದಿಲ್ಲ. ಅಪ್‌ಲೋಡ್ ಡೈರೆಕ್ಟರಿಯಲ್ಲಿ ಪಿಎಚ್‌ಪಿ ಓಡದಂತೆ ತಡೆದ ಸಾಲು, ಬ್ಯಾಕಪ್ ಕಡತ ಮತ್ತು ಗಿಟ್ ಡೈರೆಕ್ಟರಿ ಮುಚ್ಚಿದ ಸಾಲು, ಎಲ್ಲವೂ ಹೊಸ ಸರ್ವರ್‌ನಲ್ಲಿ ಇಲ್ಲವಾಗುತ್ತವೆ. ತಾಣ ಚೆನ್ನಾಗಿ ಕಾಣುತ್ತಿರುತ್ತದೆ, ಬಾಗಿಲು ತೆರೆದಿರುತ್ತದೆ. ಪ್ರತಿ ನಿಯಮವನ್ನೂ ಲೊಕೇಷನ್ ಬ್ಲಾಕ್ ಆಗಿ ಮರುಬರೆದು, ಟರ್ಮಿನಲ್‌ನಿಂದ ಪುಟ ಕೇಳುವ ಕರ್ಲ್‌ನಿಂದ ಒಂದೊಂದನ್ನೂ ಕೇಳಿ 403 (ಪ್ರವೇಶವಿಲ್ಲ) ಅಥವಾ 404 ಬರುತ್ತದೆಯೇ ನೋಡಬೇಕು.

ಕನ್ನಡ ವಿಳಾಸಗಳಲ್ಲಿ ಒಂದು ಸಂಕೇತಕ್ಕೆ ಮೂರು ಬೈಟ್, ಪ್ರತಿ ಬೈಟ್‌ಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ, ಒಟ್ಟು ಒಂಬತ್ತು. ವರ್ಡ್‌ಪ್ರೆಸ್‌ನಲ್ಲಿ ಸ್ಲಗ್‌ಗೆ, ಅಂದರೆ ವಿಳಾಸದಲ್ಲಿ ಬರುವ ಶೀರ್ಷಿಕೆಯ ಭಾಗಕ್ಕೆ, ಇರುವುದು 200 ಅಕ್ಷರದ ಕಾಲಂ. ಅಂದರೆ ಶೀರ್ಷಿಕೆಯ 22 ಸಂಕೇತಗಳು ಮಾತ್ರ ಹಿಡಿಯುತ್ತವೆ, ಉಳಿದದ್ದು ಕತ್ತರಿಸಿಹೋಗುತ್ತದೆ. ಹೊಸ ಬರಹಗಳಿಗೆ ಚಿಕ್ಕ ಸ್ಲಗ್ ಕೈಯಿಂದಲೇ ಕೊಡುವುದು ಲೇಸು. ಹಳೆಯ ವಿಳಾಸಗಳಿಂದ ಹೊಸದಕ್ಕೆ ತಿರುಗಿಸಲು ಮ್ಯಾಪ್ ಬ್ಲಾಕ್ ಬಳಸುವುದಾದರೆ, ಯುಆರ್‌ಐ ವೇರಿಯಬಲ್ ಬಿಡಿಸಿದ ರೂಪದಲ್ಲಿರುತ್ತದೆ, ಹಾಗಾಗಿ ವಿಳಾಸವನ್ನು ನೇರ ಕನ್ನಡದಲ್ಲೇ ಬರೆದು ಕಡತವನ್ನು ಯುಟಿಎಫ್-8 ಆಗಿ ಉಳಿಸಬೇಕು. ರಿಕ್ವೆಸ್ಟ್ ಯುಆರ್‌ಐ ಎಂಬ ಇನ್ನೊಂದು ವೇರಿಯಬಲ್‌ನಲ್ಲಿ ಬ್ರೌಸರ್ ಕಳಿಸಿದ ಶೇಕಡಾ ರೂಪವೇ ಇರುತ್ತದೆ. ಎರಡನ್ನೂ ಬೆರೆಸಿದರೆ ಒಂದೂ ತಾಳೆಯಾಗದು. ಉದ್ದದ ಕನ್ನಡ ಸಾಲುಗಳಿದ್ದಾಗ ಎನ್‌ಜಿಂಕ್ಸ್ ಮ್ಯಾಪ್ ಹ್ಯಾಶ್ ಕಟ್ಟಲಾಗುತ್ತಿಲ್ಲ ಎಂದು ನಿಲ್ಲುತ್ತದೆ. ಬಕೆಟ್ ಸೈಜನ್ನು 64ರಿಂದ 256ಕ್ಕೋ 512ಕ್ಕೋ ಏರಿಸಿ.

ಪುಟಗಳನ್ನು ಹಿಂಡಿ ಕಳಿಸುವ ಜಿಜಿಪ್ ಬಗ್ಗೆ ಒಂದು ಮಾತು. ಕನ್ನಡ ಪುಟಗಳಿಗೆ ಅದರಿಂದ ಬಹಳ ಲಾಭ, ಏಕೆಂದರೆ ಇ0 ಬಿ2, ಇ0 ಬಿ3 ಎಂಬ ಜೋಡಿಗಳು ಎಡೆಬಿಡದೆ ಮರಳಿ ಬರುತ್ತವೆ, ಸಂಕುಚಿತಗೊಳಿಸುವ ತಂತ್ರಕ್ಕೆ ಅದೇ ಬೇಕಾದದ್ದು. ಜಿಜಿಪ್ ಆನ್ ಮಾಡಿದರೂ ಎನ್‌ಜಿಂಕ್ಸ್ ತಾನಾಗಿ ಹಿಂಡುವುದು ಎಚ್‌ಟಿಎಂಎಲ್ ಮಾತ್ರ. ಜೇಸನ್, ಸಿಎಸ್‌ಎಸ್, ಆರ್‌ಎಸ್‌ಎಸ್ ಫೀಡ್‌ಗಳನ್ನು ಜಿಜಿಪ್ ಟೈಪ್ಸ್‌ನಲ್ಲಿ ಹೆಸರಿಸಿ ಸೇರಿಸಬೇಕು.

ಉಳಿದ ಎಡವಟ್ಟುಗಳನ್ನು ಬೇಗ ಹೇಳುತ್ತೇವೆ. 413 ಎಂಬ ದೋಷ ಬಂದರೆ ಎನ್‌ಜಿಂಕ್ಸ್‌ನ ಬಾಡಿ ಸೈಜ್ ಮಿತಿ 1 ಎಂಬಿಯಲ್ಲೇ ಇದೆ. ಅದನ್ನು ಏರಿಸಿದ ಮೇಲೂ ಚಿತ್ರ ಏರದಿದ್ದರೆ ಪಿಎಚ್‌ಪಿಯ ಅಪ್‌ಲೋಡ್ ಮಿತಿ 2 ಎಂಬಿ, ಪೋಸ್ಟ್ ಮಿತಿ 8 ಎಂಬಿ ಅಡ್ಡ ಇವೆ. 502 ಬಂದರೆ ಎನ್‌ಜಿಂಕ್ಸ್ ಪಿಎಚ್‌ಪಿ ಜೊತೆ ಮಾತಾಡುವ ಸಾಕೆಟ್‌ನ ಹೆಸರಿನಲ್ಲಿ ಪಿಎಚ್‌ಪಿ ಆವೃತ್ತಿ ಹೊಂದಿಲ್ಲ, ಇಲ್ಲವೇ ಪಿಎಚ್‌ಪಿ ಸತ್ತಿದೆ. 504 ಎಂದರೆ ಎನ್‌ಜಿಂಕ್ಸ್‌ಗೆ ಪಿಎಚ್‌ಪಿಗಾಗಿ 60 ಸೆಕೆಂಡ್ ಕಾದು ಸಾಕಾಗಿದೆ. ಒಂದು ಲೊಕೇಷನ್ ಒಳಗೆ ಒಂದೇ ಒಂದು ಆಡ್ ಹೆಡರ್ ಬರೆದರೂ ಮೇಲಿನ ಹಂತದಲ್ಲಿ ಬರೆದ ಭದ್ರತಾ ಹೆಡರ್‌ಗಳೆಲ್ಲ ಆ ಲೊಕೇಷನ್‌ಗೆ ಅನ್ವಯವಾಗುವುದು ನಿಲ್ಲುತ್ತದೆ. ಇದನ್ನು ಮೊಜಿಲ್ಲಾದ ವೆಬ್ ದಾಖಲೆ ತಾಣ ಎಂಡಿಎನ್‌ನಲ್ಲಿರುವ ಎಚ್‌ಟಿಟಿಪಿ ಅಬ್ಸರ್ವೇಟರಿ ಹಿಡಿದುಕೊಡುತ್ತದೆ, ಆದರೆ ನೀವು ಕೊಟ್ಟ ವಿಳಾಸವನ್ನು ಮಾತ್ರ. ಮುಖಪುಟದ ಜೊತೆ ಒಂದು ಚಿತ್ರದ ಹೆಡರ್‌ಗಳನ್ನೂ ಕರ್ಲ್‌ನಿಂದ ನೋಡಿ.

2 ಜಿಬಿ ಮೆಮರಿಯ ಯಂತ್ರದಲ್ಲಿ ಪಿಎಚ್‌ಪಿ ಕೆಲಸಗಾರರ, ಅಂದರೆ ಒಟ್ಟಿಗೆ ಓಡುವ ಪ್ರಕ್ರಿಯೆಗಳ, ಸಂಖ್ಯೆಯನ್ನು ಲೆಕ್ಕ ಹಾಕಿಯೇ ಇಡಬೇಕು. ಡೇಟಾಬೇಸ್‌ಗೆ 512 ಎಂಬಿ, ವ್ಯವಸ್ಥೆಗೆ 300 ತೆಗೆದಿಟ್ಟರೆ ಉಳಿಯುವುದು ಸುಮಾರು 1200. ಒಂದು ಪ್ರಕ್ರಿಯೆ 60 ಎಂಬಿ ತಿನ್ನುತ್ತಿದ್ದರೆ 20 ಎಂಬುದು ಗರಿಷ್ಠ, 14 ಅಥವಾ 15 ನೆಮ್ಮದಿ. ಆಸೆಬಿದ್ದು 50 ಇಟ್ಟರೆ ಜನ ಹೆಚ್ಚು ಬಂದ ದಿನ ಕರ್ನಲ್ ಮೆಮರಿಗಾಗಿ ಯಾವುದಾದರೂ ಪ್ರಕ್ರಿಯೆಯನ್ನು ಕೊಲ್ಲಬೇಕಾಗುತ್ತದೆ, ಸಾಮಾನ್ಯವಾಗಿ ಹೆಚ್ಚು ಮೆಮರಿ ಹಿಡಿದ ಡೇಟಾಬೇಸೇ ಮೊದಲ ಬಲಿ. ಲಾಗ್ ತೋರಿಸುವ ಜರ್ನಲ್ ಸಿಟಿಎಲ್‌ಗೆ ಕೆ ಆಯ್ಕೆ ಕೊಟ್ಟರೆ ಕರ್ನಲ್ ಬರೆದಿಟ್ಟ ಆ ಸಾಲು ಸಿಗುತ್ತದೆ.

ಫಾಂಟನ್ನು ಸ್ವಂತ ಸರ್ವರ್‌ನಿಂದ ಕೊಡುವುದಾದರೆ ನೋಟೋ ಸ್ಯಾನ್ಸ್ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡವನ್ನು ಫಾಂಟ್‌ಟೂಲ್ಸ್‌ನ ಸಬ್‌ಸೆಟ್ ಸಾಧನದಿಂದ ಚಿಕ್ಕದಾಗಿಸಿ ವಾಫ್2 ಆಗಿ ಇಡಿ. ಸಂಕೇತಗಳ ಪಟ್ಟಿಯಲ್ಲಿ ಕನ್ನಡ ವಿಭಾಗದ ಜೊತೆ 200ಸಿ, 200ಡಿ, ಚುಕ್ಕೆ ವೃತ್ತದ 25ಸಿಸಿ, ಮತ್ತು ಕಾವ್ಯ ಪ್ರಕಟಿಸುವವರಾದರೆ ದಂಡದ 0964, 0965 ಸೇರಿಸಲೇಬೇಕು. ದಂಡ ದೇವನಾಗರಿ ವಿಭಾಗದಲ್ಲಿದೆ, ಅದಕ್ಕೇ ಮರೆತುಹೋಗುತ್ತದೆ. ಸಿಎಸ್‌ಎಸ್‌ನಲ್ಲಿ ಸಾಲಿನ ಎತ್ತರ 1.6ಕ್ಕಿಂತ ಕಡಿಮೆ ಬೇಡ, ಒತ್ತಿನ ಕೆಳಗೆ ಒತ್ತು ಬಂದಾಗ ಮುಂದಿನ ಸಾಲಿಗೆ ತಾಗುತ್ತದೆ. ಅಕ್ಷರಗಳ ನಡುವೆ ಅಂತರ ಹಾಕುವ ಸಿಎಸ್‌ಎಸ್ ಗುಣವನ್ನು ಕನ್ನಡಕ್ಕೆ ಬಳಸಲೇಬೇಡಿ.

ಈಗ ಡಿಎನ್‌ಎಸ್, ಅಂದರೆ ಡೊಮೇನ್ ಹೆಸರನ್ನು ಸರ್ವರ್‌ನ ಐಪಿ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ. ಬದಲಾಯಿಸುವ ಹಿಂದಿನ ದಿನವೇ ಟಿಟಿಎಲ್ (ಆ ವಿಳಾಸವನ್ನು ಇತರ ಗಣಕಗಳು ನೆನಪಿಟ್ಟುಕೊಳ್ಳುವ ಅವಧಿ) ಅನ್ನು 300 ಸೆಕೆಂಡ್‌ಗೆ ಇಳಿಸಿ. ಹಳೆಯ ಟಿಟಿಎಲ್ 86400 ಆಗಿದ್ದರೆ ಅಷ್ಟು ಹೊತ್ತು ಕಳೆದ ಮೇಲೆಯೇ ಇಳಿಕೆ ಎಲ್ಲೆಡೆ ಜಾರಿಗೆ ಬರುತ್ತದೆ. ಐಪಿವಿ4 ವಿಳಾಸದ ಎ ದಾಖಲೆಯನ್ನು ಬದಲಿಸಿ ಐಪಿವಿ6 ವಿಳಾಸದ ಎಎಎಎ ದಾಖಲೆಯನ್ನು ಮರೆಯುವುದು ಅತಿ ಸಾಮಾನ್ಯ. ಆಗ ಐಪಿವಿ6 ಇಲ್ಲದ ವೈಫೈನಲ್ಲಿ ನೋಡುವವರಿಗೆ ಹೊಸ ತಾಣ, ಐಪಿವಿ6 ಇರುವ ಮೊಬೈಲ್ ಜಾಲದವರಿಗೆ ಹಳೆಯ ತಾಣ. ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಕೂಡ ಎಎಎಎ ಇದ್ದರೆ ಮೊದಲು ಅದನ್ನೇ ಹಿಡಿಯುತ್ತದೆ, ಪ್ರಮಾಣಪತ್ರ ಸಿಗುವುದಿಲ್ಲ. ಡಿಎನ್‌ಎಸ್ ತಿರುಗಿಸುವ ಮುನ್ನವೇ ಹೊಸ ಸರ್ವರನ್ನು ಪರೀಕ್ಷಿಸಲು ಕರ್ಲ್‌ನ ರಿಸಾಲ್ವ್ ಆಯ್ಕೆ ಅಥವಾ ನಿಮ್ಮ ಗಣಕದ ಹೋಸ್ಟ್ಸ್ ಕಡತ ಸಾಕು. .ಭಾರತ ಎಂದು ಕನ್ನಡದಲ್ಲೇ ಇರುವ ಡೊಮೇನ್ ನಿಮ್ಮದಾಗಿದ್ದರೆ ಎನ್‌ಜಿಂಕ್ಸ್‌ನ ಸರ್ವರ್ ನೇಮ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿರುವ ಅದರ ಪ್ಯೂನಿಕೋಡ್ ರೂಪವನ್ನೇ ಬರೆಯಬೇಕು, ಬ್ರೌಸರ್ ಕಳಿಸುವುದು ಅದನ್ನೇ.

ಪ್ರಮಾಣಪತ್ರ ತರಲು, ನವೀಕರಿಸಲು ಸರ್ಟ್‌ಬಾಟ್ ಎಂಬ ಸಾಧನ. ಪ್ರಯೋಗಗಳನ್ನೆಲ್ಲ ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ಟೇಜಿಂಗ್ (ಪರೀಕ್ಷಾ) ಸರ್ವರ್ ಮೇಲೆ ಮಾಡಿ. ಅಸಲಿಯಲ್ಲಿ ಒಂದೇ ಹೆಸರುಗಳ ಗುಂಪಿಗೆ ವಾರಕ್ಕೆ 5 ಪ್ರಮಾಣಪತ್ರದ ಮಿತಿ ಇದೆ, ಸ್ಕ್ರಿಪ್ಟ್ ತಪ್ಪಿ ಮರುಕಳಿಸಿದರೆ ಮಿತಿ ಮುಗಿದು ಕಾಯಬೇಕಾಗುತ್ತದೆ. 80ನೇ ಪೋರ್ಟ್ ಮುಚ್ಚಬೇಡಿ, ಡೊಮೇನ್ ನಿಮ್ಮದೇ ಎಂದು ಪರೀಕ್ಷಿಸುವ ಎಚ್‌ಟಿಟಿಪಿ ಚಾಲೆಂಜ್ ಬರುವುದು ಅಲ್ಲಿಗೇ. ವೆಬ್‌ರೂಟ್ ವಿಧಾನದಲ್ಲಿ ನವೀಕರಣ ಆದ ಮೇಲೆ ಎನ್‌ಜಿಂಕ್ಸ್ ರೀಲೋಡ್ ಮಾಡುವ ಡಿಪ್ಲಾಯ್ ಹುಕ್ ಇಡದಿದ್ದರೆ ಡಿಸ್ಕ್‌ನಲ್ಲಿ ಹೊಸ ಪ್ರಮಾಣಪತ್ರ, ಮೆಮರಿಯಲ್ಲಿ ಹಳೆಯದು, 90ನೇ ದಿನ ತಾಣಕ್ಕೆ ಕೆಂಪು ಪರದೆ. ಅವಧಿ ಮುಗಿಯುತ್ತಿದೆ ಎಂಬ ಇಮೇಲ್‌ಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿತು, ಹಾಗಾಗಿ ಹೊರಗಿನಿಂದ ದಿನಾಂಕ ನೋಡುವ ಒಂದು ಕಾವಲು ನಿಮ್ಮದೇ ಇರಬೇಕು. ಅದೇ ವರ್ಷ ಆಗಸ್ಟ್‌ನಲ್ಲಿ ಪ್ರಮಾಣಪತ್ರ ರದ್ದಾಗಿದೆಯೇ ಎಂದು ಹೇಳುವ ಅದರ ಓಸಿಎಸ್‌ಪಿ ಸೇವೆಯೂ ನಿಂತಿತು. ಹಳೆಯ ಮಾರ್ಗದರ್ಶಿಗಳಲ್ಲಿರುವ ಓಸಿಎಸ್‌ಪಿ ಸ್ಟೇಪ್ಲಿಂಗ್ ಸಾಲುಗಳನ್ನು ನಕಲಿಸಬೇಡಿ. ಎಚ್‌ಟಿಟಿಪಿಎಸ್‌ನ ಹಿಂದಿರುವ ಟಿಎಲ್‌ಎಸ್ ಗೂಢಲಿಪಿಯ ಸೆಟ್ಟಿಂಗ್‌ಗೆ ಮೊಜಿಲ್ಲಾದ ಕಾನ್ಫಿಗರೇಷನ್ ಜನರೇಟರ್‌ನಲ್ಲಿ ಇಂಟರ್‌ಮೀಡಿಯೆಟ್ ಆರಿಸಿ, ಫಲಿತಾಂಶವನ್ನು ಎಸ್‌ಎಸ್‌ಎಲ್ ಲ್ಯಾಬ್ಸ್‌ನಲ್ಲಿ ಒರೆಗೆ ಹಚ್ಚಿ. ಎಚ್‌ಟಿಟಿಪಿಎಸ್‌ನಲ್ಲೇ ಬಾ ಎಂದು ಬ್ರೌಸರ್‌ಗೆ ಹೇಳುವ ಎಚ್‌ಎಸ್‌ಟಿಎಸ್ ಹೆಡರ್‌ನ ಅವಧಿಯನ್ನು 300 ಸೆಕೆಂಡ್‌ನಿಂದ ಶುರುಮಾಡಿ, ಎಲ್ಲ ಉಪಡೊಮೇನ್‌ಗಳೂ ಎಚ್‌ಟಿಟಿಪಿಎಸ್‌ನಲ್ಲಿ ಓಡುತ್ತಿವೆ ಎಂದು ಖಾತ್ರಿಯಾದ ಮೇಲೆ ವರ್ಷಕ್ಕೆ ಏರಿಸಿ.

ಇಷ್ಟೂ ಕೆಲಸದಲ್ಲಿ ದಾಖಲೆಗಳನ್ನು ಆರಿಸುವ ಬಗೆಯೂ ಒಂದು ಕೌಶಲವೇ. ನಿಮ್ಮ ಯಂತ್ರದಲ್ಲಿ ಇರುವ ಆವೃತ್ತಿಯ ಮ್ಯಾನ್ ಪುಟಕ್ಕೇ (ಟರ್ಮಿನಲ್‌ನಲ್ಲೇ ತೆರೆಯುವ ಕೈಪಿಡಿ) ಮೊದಲ ಮನ್ನಣೆ. ಆಮೇಲೆ ಎನ್‌ಜಿಂಕ್ಸ್‌ನ, ಮೈಎಸ್‌ಕ್ಯೂಎಲ್‌ನ ಅಧಿಕೃತ ಕೈಪಿಡಿ, ಅದರಲ್ಲೂ ಆವೃತ್ತಿ ಆರಿಸಿಕೊಂಡು. ಬ್ರೌಸರ್ ಕಡೆಯ ಯಾವ ಪ್ರಶ್ನೆಗೂ ಎಂಡಿಎನ್. ಆರ್ಚ್ ಲಿನಕ್ಸ್‌ನ ವಿಕಿ ಡೆಬಿಯನ್ ಬಳಸುವವರಿಗೂ ಒಳ್ಳೆಯ ಗುರು, ಕಡತಗಳ ಜಾಗ ಮಾತ್ರ ಬೇರೆ. ಶೆಲ್ ಸ್ಕ್ರಿಪ್ಟ್ ಬರೆದರೆ ತಪ್ಪು ಹುಡುಕುವ ಶೆಲ್‌ಚೆಕ್‌ಗೆ ತೋರಿಸದೆ ಓಡಿಸಬಾರದು. ಪ್ರಶ್ನೋತ್ತರ ತಾಣದ ಉತ್ತರವಾಗಲಿ, ಚಾಟ್‌ಬಾಟ್ ಕೊಟ್ಟದ್ದಾಗಲಿ, ಅದರಲ್ಲಿನ ಪ್ರತಿ ಆಯ್ಕೆಯೂ ಮ್ಯಾನ್ ಪುಟದಲ್ಲಿ ಇದೆಯೇ ಎಂದು ನೋಡಿದ ಮೇಲೆಯೇ ಎಂಟರ್ ಒತ್ತಿ.

ಡಿಎನ್‌ಎಸ್ ತಿರುಗಿಸುವ ಹೊತ್ತಿಗೆ ಹಳೆಯ ತಾಣವನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತಂದು ಕೊನೆಯ ಡಂಪ್ ತೆಗೆಯಬೇಕು, ಇಲ್ಲದಿದ್ದರೆ ಆ ನಡುವೆ ಬಂದ ಪ್ರತಿಕ್ರಿಯೆಗಳು ಹಳೆಯ ಸರ್ವರ್‌ನಲ್ಲೇ ಉಳಿಯುತ್ತವೆ. ಆಮದು ಆದ ಮೇಲೆ ಸಾಲುಗಳ ಎಣಿಕೆ ಹೋಲಿಸಿ. ಅದರ ಜೊತೆಗೆ ಎರಡೂ ಕಡೆ ಶೀರ್ಷಿಕೆಗಳ ಬೈಟ್ ಉದ್ದದ ಮೊತ್ತವನ್ನೂ ಅಕ್ಷರ ಉದ್ದದ ಮೊತ್ತವನ್ನೂ ತೆಗೆಯಿರಿ. ತಿದ್ದುಪಡಿ ಸರಿಯಾಗಿದ್ದರೆ ಶುದ್ಧ ಕನ್ನಡದ ಶೀರ್ಷಿಕೆಗಳಲ್ಲಿ ಮೊದಲನೆಯದು ಎರಡನೆಯದರ ಮೂರು ಪಟ್ಟಿಗೆ ಹತ್ತಿರ ಇರುತ್ತದೆ, ಖಾಲಿ ಜಾಗ ಮತ್ತು ಅಲ್ಪವಿರಾಮ, ಪೂರ್ಣವಿರಾಮಗಳಿಂದ ಸ್ವಲ್ಪ ಕಡಿಮೆ. ಎರಡು ಸಲ ಎನ್‌ಕೋಡ್ ಆದ ಸಾಲುಗಳಲ್ಲಿ ಈ ಅನುಪಾತ ಎರಡರ ಆಸುಪಾಸಿಗೆ ಇಳಿಯುತ್ತದೆ. ಅಂಥ ಸಾಲುಗಳನ್ನು ಅನುಪಾತದ ಪ್ರಕಾರ ವಿಂಗಡಿಸಿ ಕಣ್ಣಿನಿಂದ ನೋಡಿ.

ಹಳೆಯ ಹೋಸ್ಟಿಂಗನ್ನು ಕೂಡಲೇ ರದ್ದು ಮಾಡಬೇಡಿ. ಒಂದು ತಿಂಗಳು ಇಟ್ಟುಕೊಂಡು ಅದರ ಆಕ್ಸೆಸ್ ಲಾಗ್ ಗಮನಿಸಿ. ಡಿಎನ್‌ಎಸ್ ತಿರುಗಿದ ಮೇಲೂ ಅಲ್ಲಿಗೆ ಬರುವವರಲ್ಲಿ ಬಾಟ್‌ಗಳನ್ನು ಕಳೆದರೆ ಉಳಿಯುವುದು ಐಪಿ ವಿಳಾಸವನ್ನೇ ಬರೆದಿಟ್ಟುಕೊಂಡ ಹಳೆಯ ಆ್ಯಪ್, ಮರೆತುಹೋದ ಉಪಡೊಮೇನ್, ಎಲ್ಲೋ ಓಡುತ್ತಿರುವ ಕ್ರಾನ್ (ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸ). ಇಮೇಲ್‌ನ ಎಂಎಕ್ಸ್ ದಾಖಲೆ ಇನ್ನೂ ಹಳೆಯ ಹೋಸ್ಟಿಂಗ್‌ಗೇ ತೋರಿಸುತ್ತಿದೆಯೇ ಎಂದು ಡಿಎನ್‌ಎಸ್ ದಾಖಲೆ ತೋರಿಸುವ ಡಿಗ್‌ನಲ್ಲಿ ನೋಡಿ. ಹಳೆಯ ಖಾತೆ ಮುಚ್ಚಿದ ದಿನ ಅಂಚೆಪೆಟ್ಟಿಗೆಗಳೂ ಅಳಿಯುತ್ತವೆ. ಹೊಸ ಸರ್ವರ್‌ನ ಬ್ಯಾಕಪ್ಪನ್ನು ರೆಸ್ಟಿಕ್ ಅಥವಾ ಬೋರ್ಗ್‌ನಿಂದ ಬೇರೆ ಊರಿನ ಯಂತ್ರಕ್ಕೆ ಹಾಕಿ. ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿದ್ದರೆ ಕ್ರಾನ್‌ನಲ್ಲಿ 20:30 ಎಂದರೆ ನಮ್ಮ ರಾತ್ರಿ 2 ಗಂಟೆ. ಆ ಬ್ಯಾಕಪ್‌ನಿಂದ ಖಾಲಿ ಯಂತ್ರದ ಮೇಲೆ ಒಮ್ಮೆ ತಾಣವನ್ನು ಪೂರ್ತಿ ಎಬ್ಬಿಸಿ, ಒತ್ತಕ್ಷರ, ಕೊಂಬು, ಠ, ಭ ಇರುವ ಒಂದು ಹಳೆಯ ಪುಟ ತೆರೆದು ಹೆಕ್ಸ್ ನೋಡಿ. ಇ0 ಬಿ3 8ಡಿ ಅಲ್ಲಿದ್ದರೆ ಹಳೆಯ ಖಾತೆಯನ್ನು ಮುಚ್ಚಬಹುದು.